ನಾ ನಕ್ಕಿದ್ದು ಎಲ್ಲಿ ಹೋತು?

ಕಳೆದ ತಿಂಗಳು ನನ್ನ ಹಳೆಯ ಹಾರ್ಡ್ ಡಿಸ್ಕೊಂದು ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು. ಆ ಸದ್ದಿನ ಅರ್ಥ ಗೊತ್ತಿರುವವರು ಕೈಯಲ್ಲಿರುವ ಕೆಲಸವನ್ನೆಲ್ಲ ಬಿಟ್ಟು ಮೊದಲು ಅದರೊಳಗಿನದನ್ನು ಬೇರೆಡೆಗೆ ಸಾಗಿಸುತ್ತಾರೆ. ನಾನೂ ಹಾಗೆಯೇ ಮಾಡಿದೆ. ಸಾಗಿಸುತ್ತ ಕುಳಿತಿರುವಾಗ 2018ರ ಫೋಲ್ಡರೊಂದು ಕಣ್ಣಿಗೆ ಬಿತ್ತು. ಅದರಲ್ಲಿ ಇದ್ದವು ಎರಡೇ: 6 ನಿಮಿಷ 12 ಸೆಕೆಂಡುಗಳ ಒಂದು ಸಾಕ್ಷ್ಯಚಿತ್ರ, ಮತ್ತು 'ಬೇಡದ್ದು' ಎಂದು ಹೆಸರಿಟ್ಟ ಇನ್ನೊಂದು ಫೋಲ್ಡರ್. ಚಿತ್ರದ ತೂಕ 400 ಎಂಬಿ, ಬೇಡದ್ದರ ತೂಕ 28 ಜಿಬಿ. ಡಿಗ್ರಿಯ ಕೊನೆಯ ವರ್ಷ ಪತ್ರಿಕೋದ್ಯಮದ ತರಗತಿಗಾಗಿ ಐವರು ಸೇರಿ ಮಾಡಿದ ಚಿತ್ರ ಅದು. ಕೆಲಸ ಮುಗಿದ ಮೇಲೆ ಮೂಲ ತುಣುಕುಗಳನ್ನೆಲ್ಲ ಒಂದೆಡೆ ತುರುಕಿ, ಅಷ್ಟು ಧೈರ್ಯದಿಂದ ಆ ಹೆಸರಿಟ್ಟವನು ನಾನೇ. ಅದನ್ನು ತೆರೆದು ನೋಡಿದ ಮೇಲೆ ಒಂದು ವಾರ ನನ್ನ ಕೆಲಸ ನೆಟ್ಟಗೆ ಸಾಗಲಿಲ್ಲ. ಒಳಗೆ ಏನಿತ್ತೆಂಬುದನ್ನು ಹೇಳಬೇಕಾದರೆ, ಇಂದು ನನ್ನ ಅನ್ನದ ದಾರಿಯಾಗಿರುವ ಈ ಎಡಿಟಿಂಗ್ ನನ್ನ ಕೈಗೆ ಹೇಗೆ ಬಂತು ಎಂಬಲ್ಲಿಂದಲೇ ಶುರುಮಾಡಬೇಕಾಗುತ್ತದೆ.

ಕಡೆಗೆ ಉಳಿದವರು

ಗುಂಪು ಕೆಲಸವೆಂದರೆ ಏನೆಂಬುದು ಕಾಲೇಜಿಗೆ ಹೋದ ಎಲ್ಲರಿಗೂ ಗೊತ್ತು. ನಮಗೆ ಕೊಟ್ಟಿದ್ದ ವಿಷಯ 'ನಮ್ಮೂರಿನ ದುಡಿಮೆ'. ಹತ್ತು ನಿಮಿಷ ಮೀರುವಂತಿರಲಿಲ್ಲ. ಧಾರವಾಡದಲ್ಲಿ ಓದುವ ಹುಡುಗರಿಗೆ ಸಾಕ್ಷ್ಯಚಿತ್ರ ಮಾಡಿ ಎಂದರೆ ಅವರ ಕಾಲು ತಾನಾಗಿ ಪೇಢೆಯ ಅಂಗಡಿಯ ಕಡೆಗೆ ಎಳೆಯುತ್ತದೆ. ನಾವು ಬಾಯಿ ತೆರೆಯುವಷ್ಟರಲ್ಲಿ ಎರಡು ಗುಂಪುಗಳು ಪೇಢೆಯನ್ನು ಹಂಚಿಕೊಂಡಾಗಿತ್ತು. ನಮಗೆ ಹೊಳೆದದ್ದು ನಾವು ದಿನವೂ ಉಣ್ಣುತ್ತಿದ್ದ ಖಾನಾವಳಿ, ಅಲ್ಲಿ ಒಳಮನೆಯಲ್ಲಿ ಕುಳಿತು ದಿನಕ್ಕೆ ಮುನ್ನೂರರಷ್ಟು ಜೋಳದ ರೊಟ್ಟಿ ಬಡಿಯುವ ಅಕ್ಕ. ಎರಡು ವರ್ಷ ಅವರ ಕೈಯ ರೊಟ್ಟಿ ತಿಂದಿದ್ದರೂ ಅವರ ಮುಖವನ್ನು ನಾವು ಸರಿಯಾಗಿ ನೋಡಿರಲಿಲ್ಲ. ಅವರಿಗೂ ನಮಗೂ ನಡುವೆ ಒಂದು ಕಿಟಕಿ, ಕಿಟಕಿಯಲ್ಲಿ ಒಂದು ಬುಟ್ಟಿ. ಕೈ ಬಂದು ಬುಟ್ಟಿ ತುಂಬಿಸಿ ಹೋಗುತ್ತಿತ್ತು.

ಕೆಲಸ ಹಂಚಿಕೊಳ್ಳುವ ದಿನ ಗದುಗಿನ ಹುಡುಗಿಯ ದನಿ ಚೆನ್ನಾಗಿದೆಯೆಂದು ನಿರೂಪಣೆ ಅವಳಿಗೆ ಹೋಯಿತು. ಕುಂದಗೋಳದ ಗೆಳೆಯನ ಬಳಿ ನಮ್ಮೆಲ್ಲರಿಗಿಂತ ಒಳ್ಳೆಯ ಫೋನ್ ಇತ್ತು, ಕ್ಯಾಮೆರಾ ಅವನದಾಯಿತು. ಬರೆಯಬಲ್ಲವಳು ಬರವಣಿಗೆ ಹಿಡಿದಳು, ಮಾತಿನ ಮಲ್ಲನೊಬ್ಬ ಖಾನಾವಳಿಯವರನ್ನು ಒಪ್ಪಿಸುವ ಹೊಣೆ ಹೊತ್ತ. ಕಡೆಗೆ ಉಳಿದದ್ದು ನಾನು ಮತ್ತು ಎಡಿಟಿಂಗ್. ನಮ್ಮಿಬ್ಬರನ್ನೂ ಯಾರೂ ಆರಿಸಿಕೊಂಡಿರಲಿಲ್ಲ. ಪ್ರಶ್ನೆ ಕೇಳುವುದನ್ನು ಮಾತ್ರ ನಾನೇ ಬೇಡಿ ಪಡೆದುಕೊಂಡಿದ್ದೆ, ಇಲ್ಲದಿದ್ದರೆ ಶೂಟಿಂಗಿನ ದಿನ ನನಗೆ ಮಾಡಲು ಕೆಲಸವೇ ಇರುತ್ತಿರಲಿಲ್ಲ.

ಸೋದರಮಾವನ ಮಗನ ಲ್ಯಾಪ್‌ಟಾಪು ನನ್ನ ಪಾಲಿಗೆ ಬಂತು. ಅದಕ್ಕೆ 4 ಜಿಬಿ ರ್‍ಯಾಮ್. ಯೂಟ್ಯೂಬಿನಲ್ಲಿ ಎಲ್ಲರೂ ಹೊಗಳುತ್ತಿದ್ದ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆದರೆ ಅದನ್ನು ತೆರೆದ ಕೂಡಲೇ ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗಿ ಪರದೆ ನಿಂತುಬಿಡುತ್ತಿತ್ತು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಅಣ್ಣ ಕೆಡೆನ್‌ಲೈವ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಹಾಕಿಕೊಟ್ಟರು, ಜೊತೆಗೆ ಪ್ರಾಕ್ಸಿ ಎಂಬ ಉಪಾಯವನ್ನೂ. ಭಾರವಾದ ಮೂಲ ತುಣುಕಿಗೆ ಬದಲಾಗಿ ಅದರದೇ ಹಗುರವಾದ, ಮಸುಕಾದ ನಕಲನ್ನು ಇಟ್ಟುಕೊಂಡು ಕೆಲಸ ಮಾಡಿ, ಕೊನೆಯಲ್ಲಿ ಮೂಲವನ್ನು ಅದರ ಜಾಗದಲ್ಲಿ ಕೂರಿಸುವುದು. ಎರಡು ವಾರ ನಾನು ನೋಡಿದ್ದು ಅಕ್ಕನ ಮಸುಕು ಮುಖವನ್ನೇ.

ಹಿಟ್ಟಿನ ಚಪ್ಪಾಳೆ

ಬೆಳಗಿನ ಐದೂವರೆಗೆ ಹೋಗಿದ್ದೆವು. ಒಲೆ ಇನ್ನೂ ಹೊತ್ತಿರಲಿಲ್ಲ. ಅಕ್ಕ ಗೋಡೆಗೆ ಒರಗಿ ಬಾಗಿಲಿನ ಕಡೆ ನೋಡುತ್ತ ಕುಳಿತಿದ್ದರು, ಕೈಗಳು ಮಡಿಲಲ್ಲಿದ್ದವು. ಕುಂದಗೋಳದವನು ಯಾರಿಗೂ ಹೇಳದೆ ಅದನ್ನು ಆರು ಸೆಕೆಂಡು ಹಿಡಿದಿಟ್ಟುಕೊಂಡ. ಅವನು ಮಾಡಿದ ಅತ್ಯುತ್ತಮ ಕೆಲಸ ಅದೇ ಎಂದು ಈಗಲೂ ಹೇಳುತ್ತೇನೆ, ಅವನೀಗ ವಿಮಾ ಕಂಪನಿಯಲ್ಲಿದ್ದಾನೆ. ಒಟ್ಟು ಮೂರು ಫೋನುಗಳು: ಒಂದು ಎದುರಿಗೆ, ಇನ್ನೊಂದು ದನಿಗಾಗಿ ಅವರ ಪರಾತದ ಪಕ್ಕದಲ್ಲಿ ಬಟ್ಟೆಯ ಮೇಲೆ, ಮೂರನೆಯದು ಇಡೀ ಕೋಣೆ ಕಾಣಲೆಂದು ಒಳಗಿನ ಮಾಡದಲ್ಲಿ. ಮೂರನೆಯದರ ಎದುರಿಗೆ ಬಾಗಿಲ ಬೆಳಕು ನೇರವಾಗಿ ಬೀಳುತ್ತಿದ್ದುದರಿಂದ ಅದರಲ್ಲಿ ಕತ್ತಲೆಯ ಹೊರತು ಏನೂ ಬಂದಿಲ್ಲವೆಂದು ಅಂದೇ ಸಂಜೆ ತೀರ್ಮಾನಿಸಿ ಮರೆತೆವು.

ಬೇರೆ ಬೇರೆ ಫೋನಿನ ಚಿತ್ರವನ್ನೂ ದನಿಯನ್ನೂ ಆಮೇಲೆ ಹೊಂದಿಸಲು ಒಂದು ಚಪ್ಪಾಳೆ ಬೇಕು. ಕೈ ಕೂಡಿದ ಚಿತ್ರಕ್ಕೆ ದನಿಯ ಗೆರೆಯಲ್ಲಿ ಎದ್ದ ಮೊನೆಯನ್ನು ಸರಿಯಾಗಿ ಕೂರಿಸಿದರೆ ಮುಂದಿನದೆಲ್ಲ ತಾನಾಗಿ ಹೊಂದುತ್ತದೆ. ನಾನು ಚಪ್ಪಾಳೆ ತಟ್ಟಲು ಮುಂದೆ ಹೋದಾಗ ಅಕ್ಕ ಕೇಳಿದರು, "ಯಾಕ ತಮ್ಮಾ, ಯಾರಿಗೆ ಶಭಾಶ್ ಅನ್ನಾಕತ್ತಿ?" ಕಾರಣ ಹೇಳಿದೆ. "ಅಷ್ಟಕ್ಕ ನೀ ಯಾಕ ಬೇಕು, ನನ್ನ ಕೈ ಇಲ್ಲೇನು?" ಎಂದವರೇ ಹಿಟ್ಟಿನ ಕೈಗಳೆರಡನ್ನೂ ಜೋರಾಗಿ ತಟ್ಟಿದರು. ಬಾಗಿಲಿನಿಂದ ಬಂದ ಬೆಳಕಿನಲ್ಲಿ ಹಿಟ್ಟಿನ ಧೂಳು ಎದ್ದು ನಿಧಾನವಾಗಿ ಇಳಿಯಿತು.

ಆಮೇಲೆ ಮಾತು ಶುರುವಾಯಿತು. ಎಸರಿನ ನೀರು ಹಿಟ್ಟಿಗೆ ಹಾಕಿ ನಾದುವುದರಿಂದ ಹಿಡಿದು, ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ತಿರುವಿ, ಕೆಂಡದ ಮುಂದೆ ಉಬ್ಬಿಸುವವರೆಗೆ ಕೈ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ. 38 ನಿಮಿಷ ಮಾತಾಡಿದರು. ಜೋಳದ ದರ, ಸೊಸೆಯ ಸೊಂಟನೋವು, ರೊಟ್ಟಿಗಳನ್ನು ನೋಟಿನ ಹಾಗೆ ಬೆರಳು ಒದ್ದೆ ಮಾಡಿಕೊಂಡು ಎಣಿಸುವ ಬ್ಯಾಂಕಿನ ಗಿರಾಕಿ, ಎಲ್ಲವೂ ಬಂದವು. ಅದರ ನಡುವೆ ಮೂರು ನಿಮಿಷ ತೀರಿಕೊಂಡ ಗಂಡನ ವಿಷಯ. "ದಿನಾ ಒಲಿ ಮುಂದ ನಿಂತು ಮೊದಲನೇ ರೊಟ್ಟಿ ಹಂಚಿನ ಮ್ಯಾಲಿಂದನ ತೊಗೊಂಡು ತಿಂತಿದ್ರು. ದಿನಾ ನಾಲಿಗಿ ಸುಟ್ಕೋತಿದ್ರು. ಮರುದಿನ ಮತ್ತ ಹಂಗ." ಇಷ್ಟು ಹೇಳಿ ಕಣ್ಣು ತಗ್ಗಿಸಿದರು, ಒಂದು ಕ್ಷಣ ಸುಮ್ಮನಿದ್ದು ನಕ್ಕರು.

ಮೂರು ಫ್ರೇಮಿನ ಮಾತು

ಮೊದಲ ನಾಲ್ಕು ದಿನ ನಾನು ಮಾಡಿದ್ದನ್ನು ಎಡಿಟಿಂಗ್ ಎಂದು ಕರೆಯಲಾರೆ. ಸಂದರ್ಶನದ ಆರಂಭದಲ್ಲಿ ತುಟಿಗೆ ಸರಿಯಾಗಿದ್ದ ದನಿ ಹೋಗಹೋಗುತ್ತ ಹಿಂದೆ ಬೀಳುತ್ತಿತ್ತು. ಮೂವತ್ತನೆಯ ನಿಮಿಷದಲ್ಲಿ ಅಕ್ಕ ಬಾಯಿ ಮುಚ್ಚಿದ ಮೇಲೂ ಮಾತು ಕೇಳುತ್ತಿತ್ತು. ಫೋನುಗಳು ಬೆಳಕು ಕಡಿಮೆಯಾದಾಗ, ಬಿಸಿಯಾದಾಗ ಸೆಕೆಂಡಿಗೆ ಹಿಡಿಯುವ ಫ್ರೇಮುಗಳ, ಅಂದರೆ ಬಿಡಿ ಚಿತ್ರಗಳ, ಸಂಖ್ಯೆಯನ್ನು ತಾವೇ ಏರಿಳಿಸಿಕೊಳ್ಳುತ್ತವೆ. ಸೆಕೆಂಡಿಗೆ 30 ಎಂದು ನಾವು ನಂಬಿದ್ದು ಕೆಲವೆಡೆ 28, ಕೆಲವೆಡೆ 24 ಆಗಿರಬಹುದು, ಎಡಿಟಿಂಗ್ ತಂತ್ರಾಂಶಕ್ಕೆ ಈ ಚಂಚಲತೆ ಹಿಡಿಸುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಸಣ್ಣ ತಂತ್ರಾಂಶದಿಂದ ಎಲ್ಲ ತುಣುಕುಗಳನ್ನೂ ಒಂದೇ ಲೆಕ್ಕಕ್ಕೆ ತಂದ ಮೇಲೆ ಸರಿಹೋಯಿತು. ಹಾಗೆ ಪರಿವರ್ತಿಸಲು ಆ ಬಡ ಲ್ಯಾಪ್‌ಟಾಪು ಎರಡು ರಾತ್ರಿ ತೆಗೆದುಕೊಂಡಿತು. ಪೇಢೆಯ ಗುಂಪುಗಳು ಆ ಹೊತ್ತಿಗೆ ಚಿತ್ರ ಮುಗಿಸಿ ಪೇಢೆ ತಿನ್ನುತ್ತಿದ್ದವು.

ಐದನೆಯ ರಾತ್ರಿ ಒಂದು ಕೈತಪ್ಪು ನಡೆಯಿತು. ಟೈಮ್‌ಲೈನಿನಲ್ಲಿ ಎರಡು ತುಣುಕುಗಳು ಒಂದರ ಪಕ್ಕ ಒಂದು ಇದ್ದವು: ಮೊದಲನೆಯದು ಒಲೆ ಹೊತ್ತುವ ಮೊದಲು ಅಕ್ಕ ಸುಮ್ಮನೆ ಕುಳಿತ ಆ ಆರು ಸೆಕೆಂಡು, ಎರಡನೆಯದು ರೊಟ್ಟಿ ಬಡಿಯುವ ಕೈಗಳ ಹತ್ತಿರದ ನೋಟ. ಏನನ್ನೋ ಒತ್ತಲು ಹೋಗಿ ಎರಡನೆಯದರ ಚಿತ್ರಕ್ಕೂ ದನಿಗೂ ಇದ್ದ ಕೊಂಡಿಯನ್ನು ಬಿಡಿಸಿಬಿಟ್ಟೆ. ಮೌಸು ಜಾರಿ ದನಿಯ ಪಟ್ಟಿ ಒಂದೂವರೆ ಸೆಕೆಂಡಿನಷ್ಟು ಎಡಕ್ಕೆ ಸರಿಯಿತು. ಗೊತ್ತಾಗದೆ ಪ್ಲೇ ಒತ್ತಿದೆ. ಅಕ್ಕ ಬಾಗಿಲಿನ ಕಡೆ ನೋಡುತ್ತಿದ್ದಾರೆ. ಕೈಗಳು ಮಡಿಲಲ್ಲಿವೆ, ಒಲೆ ತಣ್ಣಗಿದೆ. ಆ ಮುಖದ ಮೇಲೆಯೇ ರೊಟ್ಟಿ ಬಡಿಯುವ ಸದ್ದು, ಬಳೆಗಳ ಸದ್ದು ಶುರುವಾಯಿತು. ಆಮೇಲೆ ಕೈಗಳು ಕಂಡವು. ನಾವು ಹೋಗುವ ಮೊದಲೇ, ಆ ಹೊತ್ತಿಗೆ ಮೊದಲೇ, ಎಷ್ಟೋ ವರ್ಷಗಳಿಂದ ಆ ಸದ್ದು ಅವರೊಳಗೆ ನಡೆದೇ ಇದೆಯೆನ್ನುವಂತೆ ಇತ್ತು ಅದು. ನಿರೂಪಣೆಯಲ್ಲಿ ಅದನ್ನೇ ಹೇಳಲು ಗದುಗಿನ ಹುಡುಗಿ ನಾಲ್ಕು ವಾಕ್ಯ ಓದಿದ್ದಳು.

ಕಂಟ್ರೋಲ್ ಝಡ್ ಒತ್ತಿ ಹಿಂದಿನ ಸ್ಥಿತಿಗೆ ಹೋಗಿ ನೋಡಿದೆ; ಎರಡು ಬೇರೆ ಬೇರೆ ಚಿತ್ರಗಳು, ಅಷ್ಟೇ. ಮತ್ತೆ ಸರಿಸಿ ನೋಡಿದೆ. ಹೆಂಗಸೊಬ್ಬಳ ಬದುಕು ಕಂಡಿತು. ಹೀಗೆ ಹಿಂದಕ್ಕೂ ಮುಂದಕ್ಕೂ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಪಕ್ಕದ ಹಾಸಿಗೆಯ ಗೆಳೆಯ ಎದ್ದು, "ಲೇ, ಆ ರೊಟ್ಟಿ ಬಡಿಯೂದು ಬಂದ್ ಮಾಡೋ, ಹಸಿವ್ಯಾಗಾಕತ್ತೈತಿ" ಎಂದು ಬೈದ. ಹೀಗೆ ಮುಂದಿನ ಚಿತ್ರದ ದನಿಯನ್ನು ಮೊದಲೇ ಕೇಳಿಸುವುದಕ್ಕೆ ಜೆ-ಕಟ್ ಎನ್ನುತ್ತಾರೆ, ದನಿಯ ಪಟ್ಟಿ ಚಿತ್ರದ ಕೆಳಗೆ ಎಡಕ್ಕೆ ಚಾಚಿಕೊಂಡು ಇಂಗ್ಲಿಷಿನ ಜೆ ಅಕ್ಷರದ ಬಾಲದಂತೆ ಕಾಣುವುದರಿಂದ ಆ ಹೆಸರು, ನಾವು ದಿನವೂ ನೋಡುವ ಸಿನಿಮಾ ಧಾರಾವಾಹಿಗಳಲ್ಲಿ ಇದು ಹೆಜ್ಜೆಹೆಜ್ಜೆಗೂ ಇದೆ ಎಂಬುದೆಲ್ಲ ನನಗೆ ತಿಳಿದದ್ದು ತಿಂಗಳುಗಳ ನಂತರ. ಆ ರಾತ್ರಿ ಮಾತ್ರ ಅದನ್ನು ಜಗತ್ತಿನಲ್ಲಿ ಮೊದಲು ಕಂಡುಹಿಡಿದವನು ನಾನೇ ಎಂದುಕೊಂಡಿದ್ದೆ.

ಮರುದಿನದಿಂದ ತರಗತಿಗಳು ನನಗೆ ಅಡ್ಡಿಯಾಗತೊಡಗಿದವು. ಒಂದು ನೋಟದಿಂದ ಇನ್ನೊಂದಕ್ಕೆ ಹೋಗುವ ಜಾಗವನ್ನು ಕೈ ಪರಾತಕ್ಕೆ ತಾಗಿದ ಸದ್ದಿನ ಮೇಲೆಯೇ ಇಟ್ಟರೆ ನೋಡಲು ಬಿರುಸಾಗುತ್ತದೆ, ಲೆಕ್ಕ ಹಾಕಿ ಕತ್ತರಿಸಿದ್ದು ಗೊತ್ತಾಗಿಬಿಡುತ್ತದೆ. ಮೂರು ಫ್ರೇಮು ಮೊದಲೇ, ಕೈ ಇನ್ನೂ ಗಾಳಿಯಲ್ಲಿರುವಾಗ ಕತ್ತರಿಸಿದರೆ ಕಣ್ಣು ತಾನಾಗಿ ಕೈಯ ಹಿಂದೆ ಇಳಿದು ಮುಂದಿನ ಚಿತ್ರಕ್ಕೆ ಹೋಗುತ್ತದೆ, ಕತ್ತರಿ ಕಾಣುವುದಿಲ್ಲ. ಮೂರು ಫ್ರೇಮು ಎಂದರೆ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲು. ಅಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಅಡಗಿರುತ್ತದೆಂಬುದು ಯಾವ ಪಾಠದಲ್ಲಿಯೂ ನನಗೆ ಹೀಗೆ ಕೈಗೆ ಸಿಕ್ಕಿರಲಿಲ್ಲ. ಅಲ್ಲಿಯವರೆಗೆ ನಾನು ಯಾವುದರಲ್ಲಿಯೂ ಗಂಟೆಗಟ್ಟಲೆ ಕುಳಿತವನಲ್ಲ. ಮೆಸ್ಸಿನ ಊಟ ತಪ್ಪಿದ್ದೂ ಗೊತ್ತಾಗದಂತೆ ಕುಳಿತಿರಬಲ್ಲೆ ಎಂಬುದು ನನ್ನ ವಿಷಯದಲ್ಲಿ ನನಗೇ ಹೊಸ ಸುದ್ದಿ.

ಕೂಡಿಸುವುದು, ಕಳೆಯುವುದು

ಇಂಗ್ಲಿಷಿನವರು ಈ ಕೆಲಸವನ್ನು ಕತ್ತರಿಸುವುದು ಎನ್ನುತ್ತಾರೆ. ನಮ್ಮ ಸಿನಿಮಾಗಳ ಹೆಸರಿನ ಪಟ್ಟಿಯಲ್ಲಿ ಬರುವ ಮಾತು ಸಂಕಲನ. ಶಾಲೆಯ ಗಣಿತದಲ್ಲಿ ಸಂಕಲನವೆಂದರೆ ಕೂಡುವುದು, ವ್ಯವಕಲನವೆಂದರೆ ಕಳೆಯುವುದು. ಕವನಗಳನ್ನು ಒಟ್ಟು ಮಾಡಿದರೂ ಸಂಕಲನವೇ. ಈ ಹೆಸರನ್ನು ರೂಢಿಗೆ ತಂದವರು ಯಾರೋ, ಅವರ ಕಿವಿ ಚೆನ್ನಾಗಿತ್ತು. 3 ಗಂಟೆ 40 ನಿಮಿಷಗಳ ಮೂಲ ತುಣುಕುಗಳಿಂದ ಆರು ನಿಮಿಷ ಉಳಿಸಿದವನು ಮಾಡಿದ್ದು ಕಳೆಯುವ ಲೆಕ್ಕವೇ ಹೌದು. ಆದರೆ ನೋಡುವವನ ತಲೆಯಲ್ಲಿ ನಡೆಯುವುದು ಕೂಡುವ ಲೆಕ್ಕ. ಒಂದು ಚಿತ್ರ, ಅದರ ಪಕ್ಕ ಇನ್ನೊಂದು. ಎರಡರಲ್ಲಿಯೂ ಇಲ್ಲದ ಮೂರನೆಯದನ್ನು ಅವನೇ ಕೂಡಿಸಿಕೊಳ್ಳುತ್ತಾನೆ.

ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಮಾಡಿದ ಪ್ರಯೋಗ ಇದನ್ನೇ ತೋರಿಸಿದ್ದು. ನಟನೊಬ್ಬನ ಯಾವ ಭಾವವೂ ಇಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯೊಳಗಿನ ಮಗುವಿನ ಪಕ್ಕ, ಒಮ್ಮೆ ಹೆಂಗಸೊಬ್ಬಳ ಪಕ್ಕ ಜೋಡಿಸಿದರು. ನೋಡಿದವರು ಅದೇ ಮುಖದಲ್ಲಿ ಹಸಿವು, ದುಃಖ, ಬಯಕೆ ಕಂಡರೆಂದು ಪಠ್ಯಗಳು ಹೇಳುತ್ತವೆ. ಹಿಂದಿನ ಸೆಮಿಸ್ಟರಿನಲ್ಲಿ ನಾನು ಇದನ್ನು ಐದು ಅಂಕಗಳಿಗೆ ಬರೆದು ನಾಲ್ಕೂವರೆ ಪಡೆದಿದ್ದೆ. ಬರೆದವನ ತಲೆಗೆ ಅದು ಹೋಗಿರಲಿಲ್ಲ ಎಂಬುದಕ್ಕೆ ಮುಂದೆ ನಾನು ಮಾಡಿದ್ದೇ ಸಾಕ್ಷಿ.

ಗಂಡನ ಮಾತು ಬರುವ ಆ ಭಾಗದಲ್ಲಿ, "ಮರುದಿನ ಮತ್ತ ಹಂಗ" ಎಂದು ಅಕ್ಕ ಕಣ್ಣು ತಗ್ಗಿಸುವಲ್ಲಿಗೆ ನಾನು ತುಣುಕನ್ನು ನಿಲ್ಲಿಸಿದೆ. ಅದರ ಪಕ್ಕ ಆರಿದ ಒಲೆಯ ಬೂದಿಯ ಚಿತ್ರ ಇಟ್ಟೆ. ಉಚಿತವಾಗಿ ಸಿಗುವ ಸಂಗೀತದ ಕಣಜದಿಂದ ಒಂದು ಕೊಳಲು ತಂದು ಕೆಳಗೆ ಹಾಸಿದೆ. ತರಗತಿಯಲ್ಲಿ ತೋರಿಸಿದ ದಿನ ಪೇಢೆಯ ಗುಂಪಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು. ಮೇಷ್ಟ್ರು ದೀಪ ಹಾಕಿಸಿ, ಎಡಿಟ್ ಮಾಡಿದವರು ಯಾರು ಎಂದು ಕೇಳಿದರು. ಐದು ಸೆಮಿಸ್ಟರುಗಳಲ್ಲಿ ಮೊದಲ ಬಾರಿಗೆ ನಾನು ಎದ್ದು ನಿಂತದ್ದು ಹಾಜರಿ ಕೊರತೆಯ ಕಾರಣಕ್ಕಾಗಿ ಆಗಿರಲಿಲ್ಲ.

ಮಧ್ಯಾಹ್ನ ಮೂರರ ಖಾನಾವಳಿ

ಚಿತ್ರವನ್ನು ಅಕ್ಕನಿಗೆ ತೋರಿಸಬೇಕೆಂದು ಹೇಳಿದವಳು ಗದುಗಿನ ಹುಡುಗಿ. ಊಟದ ಗದ್ದಲ ಮುಗಿದು, ಬೆಂಚುಗಳನ್ನು ಮೇಜಿನ ಮೇಲೆ ಬೋರಲು ಹಾಕಿ ನೆಲ ಒರೆಸುವ ಹೊತ್ತಿಗೆ ಹೋದೆವು. ಒಂದು ಬೆಂಚು ಇಳಿಸಿ ಲ್ಯಾಪ್‌ಟಾಪು ಇಟ್ಟೆ. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಕುಳಿತರು, ಸೊಸೆ ಹಿಂದೆ ನಿಂತರು. ಲ್ಯಾಪ್‌ಟಾಪಿನ ಸ್ಪೀಕರಿಗೆ ದನಿ ಸಾಲದೆಂದು ಫ್ಯಾನು ಆರಿಸಿದರು. ಆರೂ ನಿಮಿಷ ಅಕ್ಕ ಪರದೆಯನ್ನು ನೋಡಿದರು, ನಾನು ಅವರನ್ನು ನೋಡಿದೆ. ಸುಮ್ಮನೆ ಕುಳಿತ ಆರು ಸೆಕೆಂಡು ಬಂದಾಗ, ರೊಟ್ಟಿಯ ಸದ್ದು ಮೊದಲೇ ಕೇಳಿದಾಗ, ಅವರ ಬಲಗೈ ಬೆರಳುಗಳು ಬೆಂಚಿನ ಮೇಲೆ ತಾವಾಗಿ ಅಲುಗಾಡಿದವು. ನನಗೆ ಇನ್ನೇನು ಬೇಕಿತ್ತು?

ಕೊಳಲು ಬಂತು, ಬೂದಿ ಬಂತು, ಚಿತ್ರ ಮುಗಿಯಿತು. ಸೊಸೆ ಮೂಗು ಒರೆಸಿಕೊಂಡರು. ಅಕ್ಕ ಸ್ವಲ್ಪ ಹೊತ್ತು ಕಪ್ಪಾದ ಪರದೆಯನ್ನೇ ನೋಡಿ ಹೇಳಿದರು: "ಎಲ್ಲಾ ಛಲೋ ಬಂದೈತಿ. ಖರೆ ನಾ ನಕ್ಕಿದ್ದು ಎಲ್ಲಿ ಹೋತು?"

ನನಗೆ ಉತ್ತರ ಹೊಳೆಯಲಿಲ್ಲ. ಸಮಯ ಕಡಿಮೆ ಇತ್ತೆಂದು ಏನೋ ಅಂದೆ. "ಅವ್ರ ಸುದ್ದಿ ತಗದ್ರ ನನಗ ನಗೂನ ಬರತೈತಿ ತಮ್ಮಾ. ಹದಿನೆಂಟ ವರ್ಷ ಆತು, ಇನ್ನೂ ಅಳಕೋತ ಕುಂಡ್ರಾಕ ಆಗತೈತೇನು? ಇದನ್ನ ನೋಡಿದವ್ರು ನಾ ದಿನಾ ಅಳಕೋತ ರೊಟ್ಟಿ ಮಾಡ್ತೇನಿ ಅಂತಾರ. ಅಂಥಾ ರೊಟ್ಟಿ ಯಾರು ತಿಂತಾರ?" ಎಂದು, ಎಲ್ಲರಿಗೂ ಚಹಾ ತರಲು ಎದ್ದು ಹೋದರು. ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂಕ ಬಂದಾಗಿತ್ತು, ಸೆಮಿಸ್ಟರು ಮುಗಿಯಲು ಬಂದಿತ್ತು. ಗುಂಪಿನ ಉಳಿದವರಿಗೆ ಆ ಚಿತ್ರದ ಕತೆ ಅಲ್ಲಿಗೆ ಮುಗಿಯಿತು. ನಾನು ರಜೆಯಲ್ಲಿ ಮತ್ತೆ ಅದನ್ನು ತೆರೆದೆ. ನಗೆಯನ್ನು ಅದರ ಜಾಗಕ್ಕೆ ತರುವುದು ಅರ್ಧ ಗಂಟೆಯ ಕೆಲಸವೆಂದುಕೊಂಡಿದ್ದೆ, ಹನ್ನೊಂದು ದಿನ ಹಿಡಿಯಿತು. ನಗೆ ಇದ್ದದ್ದು ನಾಲ್ಕು ಸೆಕೆಂಡು. ಎರಡು ಸೆಕೆಂಡಿಗೆ ಕತ್ತರಿಸಿದರೆ ತೀರಿಕೊಂಡ ಗಂಡನನ್ನು ಗೇಲಿ ಮಾಡಿದಂತೆ ಕಾಣುತ್ತಿತ್ತು. ನಾಲ್ಕೂ ಸೆಕೆಂಡು ಇಟ್ಟು ಅಲ್ಲಿಗೇ ನಿಲ್ಲಿಸಿದರೆ ಹಾಸ್ಯದ ತುಣುಕಾಗುತ್ತಿತ್ತು. ನಗೆ ಮುಗಿದ ಮೇಲೆ ಅಕ್ಕ ಒಂದು ಉಸಿರು ಬಿಟ್ಟು, ಕೆಳಗಿನ ತುಟಿಯನ್ನು ಒಳಗೆ ಎಳೆದುಕೊಂಡು, ಮುಂದಿನ ಹಿಟ್ಟಿನ ಮುದ್ದೆ ಕೈಗೆ ತೆಗೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ಬಿಟ್ಟಾಗ ಮಾತ್ರ ಆ ನಗೆ ಅವರದಾಯಿತು. ಮುದ್ದೆಗೆ ಬೆರಳು ತಾಗಿದ ಮೇಲೆ ಹನ್ನೆರಡು ಫ್ರೇಮು, ಅಂದರೆ ಸೆಕೆಂಡಿನ ಅರ್ಧಕ್ಕೂ ಕಡಿಮೆ. ಅದಕ್ಕಿಂತ ಹೆಚ್ಚೂ ಸಲ್ಲಲಿಲ್ಲ, ಕಡಿಮೆಯೂ ಸಲ್ಲಲಿಲ್ಲ.

ಕೊಳಲನ್ನು ತೆಗೆದಾಗ ಇನ್ನೊಂದು ಕಷ್ಟ ಎದುರಾಯಿತು. ಅದರ ಕೆಳಗೆ ನಾನು ಮುಚ್ಚಿಟ್ಟ ತೇಪೆಗಳೆಲ್ಲ ಕೇಳತೊಡಗಿದವು. ನನ್ನ ಪ್ರಶ್ನೆಗಳನ್ನು ಕತ್ತರಿಸಿ ತೆಗೆದ ಜಾಗದಲ್ಲಿ ದನಿಯೇ ಇಲ್ಲದ ಗುಂಡಿಗಳಿದ್ದವು. ಯಾವ ಕೋಣೆಯೂ ಪೂರ್ತಿ ಮೌನವಾಗಿರುವುದಿಲ್ಲ. ಆ ಕೋಣೆಯದೇ ಒಂದು ಸುಮ್ಮನಿರುವ ಸದ್ದಿರುತ್ತದೆ, ಅದನ್ನು ತುಂಬದಿದ್ದರೆ ಕಿವಿ ಎಡವುತ್ತದೆ. ಒಂದು ಮಧ್ಯಾಹ್ನ ಹೋಗಿ ಎರಡು ನಿಮಿಷ ಖಾನಾವಳಿಯ ಮೌನವನ್ನು ರೆಕಾರ್ಡು ಮಾಡಿ ತಂದೆ. ಮಧ್ಯಾಹ್ನದ ಮೌನ ಬೆಳಗಿನ ಮೌನಕ್ಕೆ ಹೊಂದಲಿಲ್ಲ: ಅದರಲ್ಲಿ ಆಟೋಗಳಿದ್ದವು, ಇದರಲ್ಲಿ ಒಲೆಯ ಚಟಪಟ ಇತ್ತು. ಕೊನೆಗೆ ಅಕ್ಕನ ಮಾತುಗಳ ನಡುವಿನ ಬಿಡುವುಗಳನ್ನೇ, ಅರ್ಧ ಸೆಕೆಂಡು, ಕಾಲು ಸೆಕೆಂಡು ಎಂದು ಹೆಕ್ಕಿ ತಂದು ಹೊಲಿದೆ. ಈಗಿನ ಚಿತ್ರ ಮೊದಲಿನದಕ್ಕಿಂತ 22 ಸೆಕೆಂಡು ಉದ್ದ. ಯಾವ ಅಂಕವೂ ಇಲ್ಲದ ಆ ಹನ್ನೊಂದು ದಿನಗಳಲ್ಲಿ ಈ ಕೆಲಸ ಬಿಟ್ಟು ಇನ್ನೇನನ್ನೂ ಮಾಡಲಾರೆ ಎಂಬುದು ಖಚಿತವಾಯಿತು. ಮನೆಯಲ್ಲಿ ಬಿ.ಎಡ್. ಅರ್ಜಿ ತಂದಿಟ್ಟಿದ್ದರು. ಆ ಜಗಳ ಬೇರೆಯದೇ ಒಂದು ಬರಹವಾಗುತ್ತದೆ.

ಬೇಡದ್ದು

ಆಮೇಲೆ ಬೆಂಗಳೂರಿಗೆ ಬಂದು ಮದುವೆಯ ವಿಡಿಯೊಗಳಿಂದ ಶುರುಮಾಡಿದೆ. ಎಡಿಟಿಂಗ್ ಮೇಲಿನ ಪ್ರೀತಿ ನಿಜವಾದದ್ದೋ ಅಲ್ಲವೋ ಎಂದು ಪರೀಕ್ಷಿಸಿಕೊಳ್ಳಬೇಕಾದವರು ಒಂದು ಹಂಗಾಮು ಮದುವೆಗಳನ್ನು ಎಡಿಟ್ ಮಾಡಬೇಕು. ಅಲ್ಲಿ ಬಳಸುತ್ತಿದ್ದ ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ನಾನು ಮೊದಲು ಕಲಿತದ್ದು ಕನ್ನಡದ ಒತ್ತಕ್ಷರ ಒಡೆಯದಂತೆ ನೋಡಿಕೊಳ್ಳುವುದು. ಸೆಟ್ಟಿಂಗಿನ ಮೂಲೆಯಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಇರುವ ಒಂದು ಆಯ್ಕೆಯನ್ನು ಒತ್ತದಿದ್ದರೆ 'ಅಕ್ಕ' ಎಂದು ಬರೆದದ್ದು 'ಅಕ್‌ಕ' ಆಗಿ ಬಿದ್ದಿರುತ್ತದೆ. ಇದು ಗೊತ್ತಿಲ್ಲದೆ ಇಂದಿಗೂ ಹಳೆಯ 'ನುಡಿ' ತಂತ್ರಾಂಶದ ಅಕ್ಷರಗಳಲ್ಲಿ ಟೈಪಿಸಿ ತಂದು ಅಂಟಿಸುವ ಸ್ಟುಡಿಯೋಗಳಿವೆ. ಎಷ್ಟೋ ಮದುಮಕ್ಕಳ ಹೆಸರುಗಳನ್ನು ಒತ್ತು ಮುರಿಯದಂತೆ ಕಾಪಾಡಿದ್ದೇನೆ, ಅದರ ಪುಣ್ಯವಾದರೂ ನನಗೆ ಸಲ್ಲಬೇಕು.

ಸೆಲ್ಯುಲಾಯ್ಡ್ ಕಾಲದಲ್ಲಿ ಒಂದು ನಿಮಿಷದ ಚಿತ್ರವೆಂದರೆ 35 ಎಂಎಂ ರೀಲಿನ 90 ಅಡಿ. ಕತ್ತರಿಸಿದ ತುಂಡುಗಳನ್ನು ಎಸೆಯುತ್ತಿರಲಿಲ್ಲ. ಗೆರೆ ಬೀಳದಿರಲೆಂದು ಬಟ್ಟೆಯ ಚೀಲ ಕಟ್ಟಿದ ತೊಟ್ಟಿಯ ಮೇಲೆ ಮೊಳೆಗಳಿಗೆ ನೇತುಹಾಕುತ್ತಿದ್ದರು, ಯಾವಾಗ ಯಾವುದು ಬೇಕಾಗುತ್ತದೋ ಎಂದು. ಆ ತೊಟ್ಟಿಯ ಹೆಸರು ಬಿನ್. ಇಂದಿನ ತಂತ್ರಾಂಶಗಳಲ್ಲಿಯೂ ತುಣುಕುಗಳನ್ನು ಇಡುವ ಜಾಗಕ್ಕೆ ಅದೇ ಹೆಸರು ಉಳಿದಿದೆ. 2018ರಲ್ಲಿ ಇದು ಗೊತ್ತಿದ್ದಿದ್ದರೆ ನನ್ನ ಫೋಲ್ಡರಿಗೆ ಬೇರೆ ಹೆಸರಿಡುತ್ತಿದ್ದೆ.

ಕಳೆದ ತಿಂಗಳು ಆ ಫೋಲ್ಡರನ್ನು ಸಾಗಿಸುವ ಮೊದಲು ಒಂದೊಂದೇ ತುಣುಕನ್ನು ತೆರೆದು ನೋಡಿದೆ. 'ಕತ್ತಲು' ಎಂದು ಹೆಸರಿಟ್ಟ ಒಂದನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ: ಮಾಡದಲ್ಲಿಟ್ಟು ಮರೆತ ಮೂರನೆಯ ಫೋನಿನದು. ಈಗಿನ ತಂತ್ರಾಂಶಗಳಲ್ಲಿ ಕತ್ತಲೆಯನ್ನು ಒಂದಿಷ್ಟು ಎತ್ತಬಹುದು. ಎತ್ತಿದಾಗ ಬಾಗಿಲ ಬೆಳಕಿನ ಎದುರು ನಾವು ಐವರ ಬೆನ್ನುಗಳು ಕಂಡವು, ನಡುವೆ ಅಕ್ಕ. ಎದುರಿನ ಕ್ಯಾಮೆರಾ ಇನ್ನೂ ಶುರುವಾಗಿಲ್ಲ. ನಾನು ಬಾಗಿ ಅವರಿಗೆ ಏನೋ ಹೇಳುತ್ತಿದ್ದೇನೆ. ದನಿ ಸ್ಪಷ್ಟವಾಗಿದೆ: "ಅಕ್ಕಾರ, ನಿಮ್ಮ ಯಜಮಾನ್ರ ವಿಷಯ ಬಂದಾಗ ಸ್ವಲ್ಪ ಗಂಭೀರ ಇರ್ರಿ. ನಗಬ್ಯಾಡ್ರಿ."

ಆರೇಳು ವರ್ಷ ಈ ಕತೆಯನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ, ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗಂತೂ ಪಾಠದಂತೆ ಹೇಳಿದ್ದೇನೆ. ನನ್ನ ಕತೆಯಲ್ಲಿ ತಪ್ಪು ನಡೆದದ್ದು ಎಡಿಟಿಂಗಿನ ಮೇಜಿನ ಮೇಲೆ, ನಡುರಾತ್ರಿ, ಒಳ್ಳೆಯ ಉದ್ದೇಶದಿಂದ. ಕ್ಯಾಮೆರಾ ತೆರೆಯುವ ಮೊದಲೇ ನಾನು ಆ ನಗೆಯನ್ನು ಕತ್ತರಿಸಿದ್ದೆನೆಂಬುದು ನನಗೆ ನೆನಪೇ ಇರಲಿಲ್ಲ. ಅಕ್ಕನಿಗೆ ನೆನಪಿತ್ತು. ಅಂದು ಮಧ್ಯಾಹ್ನ ಖಾನಾವಳಿಯಲ್ಲಿ ಅವರು ಕೇಳಿದ ಪ್ರಶ್ನೆ ನಾನು ತಿಳಿದಷ್ಟು ಮುಗ್ಧವಾಗಿರಲಿಲ್ಲ.

ತುಣುಕು ಇನ್ನೂ ಮುಂದಕ್ಕೆ ಹೋಗುತ್ತದೆ. ಸಂದರ್ಶನ ಮುಗಿದು ನಾವೆಲ್ಲ ಹೊರಗಿನ ನೋಟಗಳನ್ನು ಹಿಡಿಯಲು ಹೋಗಿದ್ದೇವೆ, ಚೌಕಟ್ಟಿನಲ್ಲಿ ಯಾರೂ ಇಲ್ಲ, ಬಾಗಿಲು ಮಾತ್ರ ಬೆಳ್ಳಗೆ ಉರಿಯುತ್ತಿದೆ. ಕತ್ತಲೆಯಿಂದ ಅಕ್ಕನ ದನಿ ಬರುತ್ತದೆ, ಸೊಸೆಗೆ ಹೇಳುತ್ತಿದ್ದಾರೆ: "ಆ ಹುಡುಗ ನಗಬ್ಯಾಡ್ರಿ ಅಂತ ಹೇಳಿದ್ದ ನೋಡವಾ, ಅದಕ್ಕ ಇನ್ನಷ್ಟ ನಗು ಬಂತು." ಇಬ್ಬರೂ ನಗುತ್ತಾರೆ. ಬಳೆಗಳು ಸದ್ದು ಮಾಡುತ್ತವೆ, ಯಾರೋ ಒಲೆಗೆ ಕಟ್ಟಿಗೆ ದೂಡುತ್ತಾರೆ, ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಫೋನಿನ ಬ್ಯಾಟರಿ ಮುಗಿಯುವವರೆಗೆ, 17 ನಿಮಿಷ.